ವಾಲೆನ್ಸಿಯಾದ ಫಾಯಸ್ ಹಬ್ಬ: ಅಮ್ಮ, ಮಗು ಇರುವಾಗ ರುಸಾಫಾದಲ್ಲೇ ಉಳಿಯೋದಾ, ಊರು ಬಿಡೋದಾ?

ತುಂಗಾತೀರ (ಫೆಬ್ರವರಿ 24)

ಎಲ್ಲರಿಗೂ ನಮಸ್ಕಾರ. ನಾವು ಸ್ಪೇನ್‌ನ ವಾಲೆನ್ಸಿಯಾಕ್ಕೆ ಬಂದು ನಾಲ್ಕು ತಿಂಗಳಾಯಿತು. ರುಸಾಫಾ ಬಡಾವಣೆಯಲ್ಲಿ ಮನೆ, ಮೂರನೇ ಮಹಡಿ. ಮಗಳಿಗೆ ಒಂದೂವರೆ ವರ್ಷ. ಶಿವಮೊಗ್ಗದಿಂದ ಅಮ್ಮ ಬಂದಿದ್ದಾರೆ, ಏಪ್ರಿಲ್‌ವರೆಗೆ ಇರುತ್ತಾರೆ. ಅವರಿಗೆ ಬಿಪಿ ಇದೆ. ಒಂದು ಸಲ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ.

ಮಾರ್ಚ್‌ನಲ್ಲಿ ಇಲ್ಲಿ ಫಾಯಸ್ ಹಬ್ಬ ಇದೆ ಅಂತ ಗೊತ್ತಿತ್ತು. ದೊಡ್ಡ ಗೊಂಬೆ ಸುಡುತ್ತಾರೆ, ಒಂದು ರಾತ್ರಿ ಗಲಾಟೆ, ಅಷ್ಟೇ ಅಂದುಕೊಂಡಿದ್ದೆ. ನಿನ್ನೆ ಕೆಳಗಿನ ಹಣ್ಣಿನ ಅಂಗಡಿಯಾಕೆ ಹೇಳಿದ್ದು ಕೇಳಿ ಎದೆ ಧಸಕ್ ಅಂತು. ನಮ್ಮ ಬಾಲ್ಕನಿ ಕೆಳಗೇ ಕೇರಿಯವರ ಡೇರೆ ಬರುತ್ತಂತೆ. ರಾತ್ರಿ ಎಲ್ಲಾ ಹಾಡು ಕುಣಿತ, ಬೆಳಿಗ್ಗೆ 8ಕ್ಕೆ ಪಟಾಕಿ ಹೊಡೆದು ಎಬ್ಬಿಸುತ್ತಾರಂತೆ. ಮನೆ ಕೊಡಿಸಿದ ಏಜೆಂಟ್ ಇದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅದು ನನಗೆ ತುಂಬಾ ಬೇಜಾರಾಗಿದೆ.

ಯಜಮಾನರು ಊರು ಬಿಟ್ಟು ಹೋಗೋಣ ಅಂತಾರೆ. ಅಮ್ಮ ಮಾತ್ರ "ಹಬ್ಬದ ದಿನ ಮನೆಗೆ ಬೀಗ ಹಾಕಿ ಹೋಗೋದು ಯಾವ ಪದ್ಧತಿ" ಅಂತಾರೆ. ಇಲ್ಲಿ ಇದ್ದು ಅನುಭವ ಇರುವವರು ದಯವಿಟ್ಟು ಹೇಳಿ.

ಮುಂಗಾರು_ಮೋಡ

ಬಿಟ್ಟು ಹೋಗಿ. 15ರಿಂದ 19ರವರೆಗೆ ರುಸಾಫಾದಲ್ಲಿ ಮಗು ಮಲಗಿಸೋಕೆ ಆಗಲ್ಲ. ನಾನು ಎರಡು ವರ್ಷ ಅಲ್ಲೇ ಇದ್ದೆ.

ಬೆನಿಮಾಕ್ಲೆತ್_ಮನೆ

ಒಂಬತ್ತು ವರ್ಷದಿಂದ ವಾಲೆನ್ಸಿಯಾದಲ್ಲಿದ್ದೇನೆ. ಸ್ವಲ್ಪ ವಿವರವಾಗಿ ಹೇಳ್ತೀನಿ, ಕೇಳಿ.

ಒಂದು ರಾತ್ರಿಯ ಹಬ್ಬ ಅಲ್ಲ ಇದು. ಫೆಬ್ರವರಿಯ ಕೊನೆಯ ಭಾನುವಾರ ಸೆರಾನೋಸ್ ಬುರುಜಿನ ಮೇಲಿಂದ ಹಬ್ಬಕ್ಕೆ ಕರೆ ಕೊಡುತ್ತಾರೆ. ಅದರ ಹೆಸರು ಕ್ರಿದಾ. ಮಾರ್ಚ್ 1ರಿಂದ 19ರವರೆಗೆ ದಿನಾ ಮಧ್ಯಾಹ್ನ 2 ಗಂಟೆಗೆ ಪುರಸಭೆಯ ಚೌಕದಲ್ಲಿ ಮಸ್ಕ್ಲೆತಾ. ಇದು ಬಣ್ಣ ನೋಡುವ ಬಾಣಬಿರುಸು ಅಲ್ಲ, ಬರೀ ಸದ್ದಿನದು. ಐದಾರು ನಿಮಿಷ ನಡೆಯುತ್ತೆ. ಸದ್ದು ಲಯ ಹಿಡಿದು ಏರುತ್ತಾ ಹೋಗುತ್ತೆ, ಕೊನೆಯಲ್ಲಿ ನೆಲವೇ ಅದುರುತ್ತೆ. ಆ ಕೊನೆಯ ಭಾಗಕ್ಕೆ ಇಲ್ಲಿಯವರು "ಭೂಕಂಪ" ಅಂತಲೇ ಹೆಸರಿಟ್ಟಿದ್ದಾರೆ. ಮಗು ಕರೆದುಕೊಂಡು ಆ ಚೌಕದ ಹತ್ತಿರ ಖಂಡಿತ ಹೋಗಬೇಡಿ.

ದೊಡ್ಡ ಗೊಂಬೆಗಳನ್ನು ನಿಲ್ಲಿಸುವುದು 15ರ ರಾತ್ರಿ, ಅದು ಪ್ಲಾಂತಾ. 17, 18 ಹೂವಿನ ಅರ್ಪಣೆ. 18ರ ರಾತ್ರಿ ದೊಡ್ಡ ಬಾಣಬಿರುಸು. 19ಕ್ಕೆ ಸಂತ ಜೋಸೆಫ್ ದಿನ, ಅವತ್ತು ರಾತ್ರಿ ಎಲ್ಲವನ್ನೂ ಸುಡುತ್ತಾರೆ, ಅದು ಕ್ರೆಮಾ. ಮಕ್ಕಳ ಚಿಕ್ಕ ಗೊಂಬೆಗಳು 8 ಗಂಟೆಗೆ, ದೊಡ್ಡವು 10ಕ್ಕೆ, ಪುರಸಭೆಯದು 11ಕ್ಕೆ. ಮುಂಚೆ ಇದು ಮಧ್ಯರಾತ್ರಿ ದಾಟುತ್ತಿತ್ತು.

ನಿಜವಾದ ತೊಂದರೆ 15ರಿಂದ 19. ಆ ಐದು ದಿನ ಬಿಟ್ಟರೆ ರುಸಾಫಾದಲ್ಲೂ ಬದುಕಬಹುದು. ಅಮ್ಮನವರ ಬಿಪಿ ವಿಷಯ ಡಾಕ್ಟರನ್ನೇ ಕೇಳಿ, ನಾವು ಯಾರೂ ಇಲ್ಲಿ ಹೇಳುವಂಥದ್ದಲ್ಲ. ಮಗುವಿಗೆ ಕಿವಿ ಮುಚ್ಚುವ ಹೆಡ್‌ಫೋನ್ ಥರದ್ದು ಸಿಗುತ್ತೆ, ಇವತ್ತೇ ತಗೊಳ್ಳಿ.

ಧಾರವಾಡ_ಪೇಡೆ

ನಾನು ವಾಲೆನ್ಸಿಯಾ ನೋಡಿಲ್ಲ. ಓದ್ತಾ ಇದ್ದರೆ ನಮ್ಮ ಕಾಮನ ಹಬ್ಬವೇ ಕಣ್ಣ ಮುಂದೆ ಬಂತು. ನಾವು ಸಣ್ಣವರಿದ್ದಾಗ ಹೋಳಿ ಹುಣ್ಣಿಮೆಗೆ ಮುಂಚೆ ಓಣಿ ಓಣಿ ತಿರುಗಿ ಕಟ್ಟಿಗೆ, ಕುಳ್ಳು, ಮುರಿದ ಕುರ್ಚಿ ಎಲ್ಲಾ ಒಟ್ಟು ಮಾಡ್ತಿದ್ದೆವು. ಕೊಡದಿದ್ದವರ ಹಿತ್ತಲಿಂದ ಎತ್ತಿಕೊಂಡೂ ಬರ್ತಿದ್ದೆವು. ಅಲ್ಲೂ ಹಂಗೇ ಏನಾದರೂ ಇತ್ತಾ?

ಬೆನಿಮಾಕ್ಲೆತ್_ಮನೆ

@ಧಾರವಾಡ_ಪೇಡೆ ಇತ್ತು ಸರ್! ಹಿಂದೆ ಇಲ್ಲಿಯ ಮಕ್ಕಳೂ ಮನೆ ಮನೆ ಬಾಗಿಲಿಗೆ ಹೋಗಿ "ಹಳೇ ಚಾಪೆ ಇದ್ದರೆ ಕೊಡಿ, ಸಂತ ಜೋಸೆಫ್ ಹಬ್ಬಕ್ಕೆ ಸುಡಬೇಕು" ಅಂತ ಹಾಡಿ ಕೇಳುತ್ತಿದ್ದರು. ಆ ಹಾಡು ಇವತ್ತಿಗೂ ಇಲ್ಲಿಯ ಅಜ್ಜಿಯರ ಬಾಯಲ್ಲಿದೆ.

ಗರಗಸ

ನಾನು ಬಡಗಿ ಮನೆತನದವನು. ಹಾಗಾಗಿ ಒಂದು ಮಾತು ಸೇರಿಸಲೇಬೇಕು. ಸಂತ ಜೋಸೆಫ್ ಬಡಗಿಗಳ ದೇವರು. ಚಳಿಗಾಲದಲ್ಲಿ ಕತ್ತಲಾದ ಮೇಲೂ ಕೆಲಸ ಮಾಡಲು ಬಡಗಿಗಳು ದೀಪ ತೂಗುಹಾಕುವ ಮರದ ಕಂಬ ಇಟ್ಟುಕೊಂಡಿರುತ್ತಿದ್ದರಂತೆ, ಅದಕ್ಕೆ ಪಾರೋತ್ ಅಂತ ಹೆಸರು. ವಸಂತ ಬಂದು ಹೊತ್ತು ಜಾಸ್ತಿಯಾದ ಮೇಲೆ ಆ ಕಂಬ ಬೇಕಾಗುತ್ತಿರಲಿಲ್ಲ. ಅದನ್ನೂ ಅಂಗಡಿಯ ಹೊಟ್ಟು, ಚಕ್ಕೆಯನ್ನೂ ಹೊರಗೆ ತಂದು ಸುಡುತ್ತಿದ್ದರು. ಆಮೇಲೆ ಯಾರೋ ಕಂಬಕ್ಕೆ ಹಳೇ ಅಂಗಿ, ಟೋಪಿ ತೊಡಿಸಿದರು, ಕೇರಿಯ ಯಾರೋ ಒಬ್ಬರ ಹಾಗೆ ಕಾಣಿಸಿತು. ಹಬ್ಬ ಹುಟ್ಟಿದ್ದು ಹೀಗೆ ಅಂತ ಅಲ್ಲಿಯವರು ಹೇಳುತ್ತಾರೆ. ಪೂರ್ತಿ ದಾಖಲೆ ಇರುವ ಕಥೆ ಅಲ್ಲ, ಆದರೂ ನನಗೆ ತುಂಬಾ ಇಷ್ಟವಾದ ಕಥೆ.

ಪದಪ್ರೇಮಿ

ಹೆಸರಿನ ಬಗ್ಗೆ. ಮ್ಯಾಡ್ರಿಡ್ ಕಡೆಯ ಸ್ಪ್ಯಾನಿಷ್‌ನಲ್ಲಿ ಫಾಯಸ್, ಸರಿ. ಆದರೆ ಅದು ವಾಲೆನ್ಸಿಯಾದವರ ಸ್ವಂತ ಭಾಷೆಯ ಪದ. ಅವರ ಬಾಯಲ್ಲಿ ಫಾಲ್ಯೆಸ್. ಲ್ಯಾಟಿನ್ ಮೂಲದಲ್ಲಿ ಪಂಜು ಅಂತ ಅರ್ಥ. ಪ್ರತಿ ಕೇರಿಯವರೂ ಆ ವರ್ಷದ ಗೊಂಬೆಗಳನ್ನು ವಿವರಿಸಿ ಅವರ ಭಾಷೆಯಲ್ಲೇ ಪದ್ಯದ ಪುಸ್ತಕ ಮಾಡುತ್ತಾರೆ, ಅದು ಲಿಬ್ರೆತ್. ರಾಜಕಾರಣಿಗಳನ್ನು ಹೆಸರು ಹಿಡಿದೇ ಅದರಲ್ಲಿ ಗೇಲಿ ಮಾಡುತ್ತಾರೆ. ಒಂದು ಭಾಷೆ ಹಬ್ಬದ ನೆಪದಲ್ಲಿ ಪ್ರತಿ ಬೀದಿಯಲ್ಲೂ ವರ್ಷಕ್ಕೊಂದು ಪುಸ್ತಕ ಪಡೆಯುತ್ತೆ ಅಂದರೆ ನನಗೆ ನಿಜವಾಗಿ ಹೊಟ್ಟೆಕಿಚ್ಚಾಗುತ್ತೆ.

ಉಸಿರು_ಹಸಿರು

ಎಲ್ಲರೂ ಹೊಗಳುತ್ತಿದ್ದೀರಿ. ಹೊಗೆಯ ಬಗ್ಗೆ ಯಾರೂ ಮಾತಾಡ್ತಿಲ್ಲವಲ್ಲ? ನನಗೆ ಆಸ್ತಮಾ ಇದೆ. 2019ರ ಕ್ರೆಮಾ ರಾತ್ರಿ ಎಲ್ ಕಾರ್ಮೆನ್ ಗಲ್ಲಿಯಲ್ಲಿದ್ದೆ. ಗೊಂಬೆಯಿಂದ ಬಂದ ಹೊಗೆ ಕಪ್ಪಗೆ, ಎಣ್ಣೆಯಂತೆ ದಪ್ಪಗೆ ಇತ್ತು. ಈಗಿನ ದೊಡ್ಡ ಗೊಂಬೆಗಳಲ್ಲಿ ಬಹುಪಾಲು ಥರ್ಮೊಕೋಲ್. ಅದನ್ನು ಮನೆಗಳ ನಡುವೆ ಸುಡುತ್ತಾರೆ. ಗಣಪತಿ ವಿಷಯದಲ್ಲಿ ಪಿಒಪಿ ಬೇಡ, ಮಣ್ಣಿನದೇ ಇರಲಿ ಅಂತ ನಾವು ಎಷ್ಟು ವರ್ಷದಿಂದ ಬಡಿದಾಡ್ತಾ ಇದ್ದೀವಿ. ಯುರೋಪ್‌ನಲ್ಲಿ ನಡೆದರೆ ಮಾತ್ರ ಕಲೆ ಅಂತೀವಾ?

ಬಣ್ಣದ_ಬುಟ್ಟಿ

@ಉಸಿರು_ಹಸಿರು ನೀವು ಹೇಳಿದ್ದರಲ್ಲಿ ತಪ್ಪಿಲ್ಲ. ನಾನು ಶಿಲ್ಪಕಲೆ ಓದಲು ಬಂದವಳು. ಬೆನಿಕಲಾಪ್ ಕಡೆ ಸಿಯುತಾತ್ ಫಾಲ್ಯೆರಾ ಅಂತ ಒಂದು ಬಡಾವಣೆಯೇ ಇದೆ, ಈ ಗೊಂಬೆ ಕಲಾವಿದರ ಕಾರ್ಖಾನೆಗಳಿರುವ ಜಾಗ. ಅಲ್ಲಿ ಮೂರು ತಿಂಗಳು ಕೆಲಸ ಮಾಡಿದೆ. ಹಿಂದೆ ಮಣ್ಣಿನಲ್ಲಿ ರೂಪ ಮಾಡಿ, ಅಚ್ಚು ತೆಗೆದು, ರಟ್ಟು ಅಂಟಿಸಿ ಒಣಗಿಸುತ್ತಿದ್ದರು. ಒಳಗೆ ಮರದ ಚೌಕಟ್ಟು. ತೆಳ್ಳನೆಯ ಮರದ ಪಟ್ಟಿಗಳನ್ನು ಒಂದರ ಪಕ್ಕ ಒಂದು ಬಾಗಿಸಿ ಮೊಳೆ ಹೊಡೆದು ಮೈ ಕಟ್ಟುವ ಕಲೆಗೆ ವಾರೇತಾ ಅಂತಾರೆ. ನೋಡಿದರೆ ದೋಣಿ ಕಟ್ಟಿದ ಹಾಗಿರುತ್ತೆ. ಥರ್ಮೊಕೋಲ್ ಬಂದ ಮೇಲೆ ಯಂತ್ರವೇ ಕತ್ತರಿಸಿ ಕೊಡುತ್ತೆ. ಹಗುರ, ಎತ್ತರ, ಬೇಗ.

ಈಗ ಕೆಲವರು ಮತ್ತೆ ಮರ, ರಟ್ಟು, ಭತ್ತದ ಹುಲ್ಲಿನ ಕಡೆ ತಿರುಗುತ್ತಿದ್ದಾರೆ. ಆದರೆ ವಾರೇತಾ ಬಲ್ಲ ಕೈಗಳು ಕಡಿಮೆ, ಸಮಯವೂ ಜಾಸ್ತಿ ಬೇಕು. ಹಣ ಯಾರು ಕೊಡುತ್ತಾರೆ? ನನ್ನ ಅಭಿಪ್ರಾಯ ಕೇಳಿದರೆ ಗೊಂಬೆ ಅರ್ಧ ಎತ್ತರವಾದರೂ ಪರವಾಗಿಲ್ಲ, ಮರದ್ದೇ ಆಗಲಿ. ಉರಿಯುವಾಗಲೂ ಅದೇ ಚೆಂದ. ಪಟ್ಟಿಗಳು ಒಂದೊಂದಾಗಿ ಬಿಚ್ಚಿಕೊಂಡು ಬೀಳುವಾಗ ಒಳಗಿನ ಎಲುಬು ಕಾಣಿಸುತ್ತೆ.

ಮುಂಗಾರು_ಮೋಡ

ವರ್ಷಪೂರ್ತಿ ಮಾಡಿದ್ದನ್ನ ಒಂದೇ ರಾತ್ರಿ ಸುಡೋದು ನೋಡಿ ಕಲಾವಿದರಿಗೆ ಸಂಕಟ ಆಗಲ್ವಾ?

ಬಣ್ಣದ_ಬುಟ್ಟಿ

ನಮ್ಮ ಕಾರ್ಖಾನೆಯ ಯಜಮಾನರನ್ನು ಇದೇ ಕೇಳಿದೆ. ಸುಡದೆ ಇಟ್ಟರೆ ಮುಂದಿನ ವರ್ಷ ಕೈಗೆ ಏನು ಕೆಲಸ ಅಂದರು. ವರ್ಷಕ್ಕೆ ದೊಡ್ಡವುಗಳಲ್ಲಿ ಒಂದು, ಮಕ್ಕಳವುಗಳಲ್ಲಿ ಒಂದು ಗೊಂಬೆ ಮಾತ್ರ ಉಳಿಯುತ್ತೆ, ಗೊತ್ತಾ? ಗೊಂಬೆಗೆ ನಿನೋತ್ ಅಂತಾರೆ. ಪ್ರತಿ ಕೇರಿಯೂ ಒಂದೊಂದು ನಿನೋತ್ ಪ್ರದರ್ಶನಕ್ಕೆ ಕಳಿಸುತ್ತೆ, ಜನ ಮತ ಹಾಕುತ್ತಾರೆ. ಗೆದ್ದದ್ದಕ್ಕೆ ಬೆಂಕಿಯಿಂದ ಕ್ಷಮೆ. 1934ರಿಂದ ಈ ಪದ್ಧತಿ ಇದೆ. ಕ್ಷಮೆ ಸಿಕ್ಕ ಗೊಂಬೆಗಳೆಲ್ಲ ಮೋಂಟೊಲಿವೇತೆ ಕಡೆಯ ಫಾಯಸ್ ಮ್ಯೂಸಿಯಂನಲ್ಲಿವೆ. ಹಳೆಯವು ಮೇಣದವು. ಬುಟ್ಟಿ ಹಿಡಿದ ಅಜ್ಜಿ, ಮೊಮ್ಮಗು ಇಂಥವೇ ಜಾಸ್ತಿ. @ತುಂಗಾತೀರ ಅವರೇ, ಅಮ್ಮನವರನ್ನ ಅಲ್ಲಿಗೆ ಕರೆದುಕೊಂಡು ಹೋಗಿ. ಸದ್ದಿಲ್ಲ, ಗದ್ದಲವಿಲ್ಲ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಕಿವಿಯದ್ದು ಆರ್ಡರ್ ಮಾಡಿದೆ. ಹಣ್ಣಿನ ಅಂಗಡಿಯಾಕೆ ಮತ್ತೆ ಸಿಕ್ಕಿದ್ದರು, "ನಮ್ಮ ಕಸಾಲ್‌ಗೆ ಬನ್ನಿ" ಅಂದರು. ಕಸಾಲ್ ಅಂದರೆ ಏನು? ನಾವು ಹೋದರೆ ತಪ್ಪು ತಿಳಿಯಲ್ವಾ?

ಬೆನಿಮಾಕ್ಲೆತ್_ಮನೆ

ಹೋಗಿ ಅಕ್ಕ, ಮೊದಲು ಅದು ಮಾಡಿ! ಕಸಾಲ್ ಅಂದರೆ ಕೇರಿಯವರ ಹಬ್ಬದ ಮನೆ. ನೆಲಮಹಡಿಯಲ್ಲಿ ಒಂದು ಹಾಲ್, ಹಿಂದೆ ಅಡುಗೆಮನೆ, ಗೋಡೆ ತುಂಬಾ ಹಳೇ ಫೋಟೊ. ನಗರದಲ್ಲಿ ಹತ್ತಿರ ನಾನೂರು ಇವೆ. ಒಂದೊಂದೂ ಒಂದು ದೊಡ್ಡ, ಒಂದು ಚಿಕ್ಕ ಗೊಂಬೆ ನಿಲ್ಲಿಸುತ್ತೆ. ಸದಸ್ಯರು ತಿಂಗಳಿಗೆ ಇಷ್ಟು ಅಂತ ಚಂದಾ ಕಟ್ಟುತ್ತಾರೆ, ಕ್ರಿಸ್‌ಮಸ್‌ಗೆ ಲಾಟರಿ ಮಾರುತ್ತಾರೆ. ಹಬ್ಬ ಮುಗಿದ ವಾರವೇ ಮುಂದಿನ ವರ್ಷದ ಮಾತು ಶುರು.

ಹೊರಗಿನವರಿಗೆ ಫಾಯಸ್ ಅಂದರೆ ಬೆಂಕಿ. ಒಳಗಿನವರಿಗೆ ಕಸಾಲ್‌ನ ಊಟದ ಮೇಜು. ನಾನು ಮೊದಲ ಮೂರು ವರ್ಷ ಕಿಟಕಿ ಮುಚ್ಚಿಕೊಂಡು ಬೈಕೊಂಡಿದ್ದೆ. ನಾಲ್ಕನೇ ವರ್ಷ ಪಕ್ಕದ ಮನೆಯ ಅಜ್ಜಿ ಕೈ ಹಿಡಿದು ಕರೆದುಕೊಂಡು ಹೋದರು. ಆಮೇಲೆ ಸದ್ದು ಅಷ್ಟೇ ಇದೆ. ಆದರೆ ಡ್ರಮ್ ಬಡಿಯೋ ಹುಡುಗ ಯಾರ ಮಗ ಅಂತ ಗೊತ್ತಾಯಿತು. 11 ಗಂಟೆಗೆ ಸ್ವಲ್ಪ ಆ ಕಡೆ ತಿರುಗಿಸಪ್ಪಾ ಸ್ಪೀಕರ್ ಅಂತ ಹೇಳುವ ಸಲಿಗೆ ಬಂತು.

ಉಸಿರು_ಹಸಿರು

ಸಲಿಗೆ ಇಲ್ಲದವರು ಏನು ಮಾಡಬೇಕು? ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್, ಹುಷಾರಿಲ್ಲದವರು, ನಾಯಿ ಸಾಕಿದವರು? ಸೇರಿಕೊಂಡವರಿಗೆ ಮಾತ್ರ ನಿದ್ದೆ ಸಿಗಬೇಕು ಅನ್ನೋದು ನ್ಯಾಯ ಅಲ್ಲ. ನಿದ್ದೆ ಎಲ್ಲರ ಹಕ್ಕು.

ಬೆನಿಮಾಕ್ಲೆತ್_ಮನೆ

ಒಪ್ಪುತ್ತೇನೆ. ಬೆಳಗಿನ ಜಾವದವರೆಗೆ ಬೀದಿಯಲ್ಲಿ ಡಿಜೆ ಹಾಕೋದು ನನಗೂ ಇಷ್ಟವಿಲ್ಲ. ಕಸಾಲ್ ಒಳಗೂ ಇದರ ಬಗ್ಗೆ ಜಗಳ ನಡೆಯುತ್ತೆ. ವಯಸ್ಸಾದ ಸದಸ್ಯರೇ ಬೇಡ ಅಂತಾರೆ. ಒಂದು ವಿಷಯ ನೋಡಿ, ಆ ಡಿಜೆಗೆ ಬರೋ ಜನರಲ್ಲಿ ಕೇರಿಯವರು ಕಡಿಮೆ, ಹೊರಗಿನವರು ಜಾಸ್ತಿ.

ಕಡಲತಡಿ

ಅದೇ ಅಸಲಿ ಸಮಸ್ಯೆ. ಕೇರಿಯೇ ಖಾಲಿಯಾಗ್ತಾ ಇದೆ. ರುಸಾಫಾದಲ್ಲಿ ಹಳೇ ಬಾಡಿಗೆದಾರರು ಹೋಗಿ ಪ್ರವಾಸಿಗರ ವಾರದ ಬಾಡಿಗೆ ಮನೆಗಳು ಬರುತ್ತಿವೆ. ಗೊಂಬೆ ನಿಲ್ಲಿಸೋರು ಯಾರು ಉಳಿತಾರೆ?

ನಾನಿರೋದು ಕಾಬನ್ಯಾಲ್‌ನಲ್ಲಿ, ಸಮುದ್ರದ ಪಕ್ಕ. ಮೀನುಗಾರರ ಹಳೇ ಕೇರಿ. ಮನೆಗಳ ಮುಂಭಾಗಕ್ಕೆಲ್ಲ ಬಣ್ಣದ ಟೈಲ್ಸ್, ಹಸಿರು, ನೀಲಿ, ಹಳದಿ. ಒಂದು ದೊಡ್ಡ ರಸ್ತೆಯನ್ನ ಸಮುದ್ರದವರೆಗೆ ಎಳೆಯಬೇಕು ಅಂತ 1600ಕ್ಕೂ ಹೆಚ್ಚು ಮನೆ ಕೆಡವುವ ಯೋಜನೆ ಇತ್ತು. 1998ರಿಂದ ಜನ ಹೋರಾಡಿದರು. 2015ರಲ್ಲಿ ಆಡಳಿತ ಬದಲಾದ ಮೇಲೆ ಯೋಜನೆ ಬಿದ್ದುಹೋಯಿತು. ಅಷ್ಟರಲ್ಲಿ ಎಷ್ಟೋ ಮನೆ ನೆಲಕ್ಕೆ ಬಿದ್ದಾಗಿತ್ತು. ಈಸ್ಟರ್ ವಾರದಲ್ಲಿ ಇಲ್ಲಿಯ ಮೆರವಣಿಗೆಗಳು ಸಮುದ್ರದವರೆಗೆ ಹೋಗುತ್ತವೆ. ಕಡಲಲ್ಲಿ ಸತ್ತವರಿಗೆ ಅಲೆಗಳಿಗೆ ಹೂಮಾಲೆ ಬಿಡುತ್ತಾರೆ. ನಾನು ಉಳ್ಳಾಲದವಳು. ಅದನ್ನು ನೋಡಿದಾಗ ಗಂಟಲು ಕಟ್ಟಿಬಂತು.

ಬುಲ್ಡೋಜರ್‌ನಿಂದ ಉಳಿಸಿಕೊಂಡ ಕೇರಿಯನ್ನ ಈಗ ಬಾಡಿಗೆಗೆ ಕಳೆದುಕೊಳ್ಳುತ್ತಿದ್ದಾರೆ. ನನ್ನ ಎದುರು ಮನೆಯ ದಂಪತಿ ಹೋದ ತಿಂಗಳು ಖಾಲಿ ಮಾಡಿದರು.

ನಗೆಮೊಗ

ವಾಲೆನ್ಸಿಯಾ ಅಂದರೆ ಟೊಮೇಟೊ ಹಬ್ಬ ಅಲ್ವಾ? ಹಿಂದಿ ಸಿನಿಮಾದಲ್ಲಿ ಬಂದಿದ್ದು?

ಕಡಲತಡಿ

ಅಲ್ಲ. ಅದು ಬುನ್ಯೋಲ್ ಅನ್ನೋ ಸಣ್ಣ ಊರು, ಇಲ್ಲಿಂದ ಸುಮಾರು 40 ಕಿ.ಮೀ. ಆಗಸ್ಟ್ ಕೊನೆಯ ಬುಧವಾರ. 2013ರಿಂದ ಟಿಕೆಟ್ ಇಟ್ಟಿದ್ದಾರೆ, ಅಷ್ಟು ಜನ ಬರ್ತಾರೆ.

ಸಕ್ಕರೆನಾಡು

2011ರಲ್ಲಿ ಆ ಸಿನಿಮಾ ನೋಡಿ ಬೆಂಗಳೂರು, ಮೈಸೂರಿನಲ್ಲೂ ಟೊಮೇಟೊ ಎರಚಾಟ ಮಾಡ್ತೀವಿ ಅಂತ ಕೆಲವರು ಹೊರಟಿದ್ದರು. ತಿನ್ನೋ ಪದಾರ್ಥ ಹಾಳು ಮಾಡೋದು ಬೇಡ ಅಂತ ಸರ್ಕಾರವೇ ತಡೆಯಿತು. ಒಳ್ಳೇದೇ ಆಯ್ತು. ಕೋಲಾರದಲ್ಲಿ ಬೆಲೆ ಇಲ್ಲದೆ ರಸ್ತೆಗೆ ಸುರಿಯೋ ರೈತರನ್ನ ನೋಡಿದವರಿಗೆ ಅದು ಆಟ ಅನ್ನಿಸಲ್ಲ.

ರೈತರ ಮಾತು ಬಂತಲ್ಲ, ವಾಲೆನ್ಸಿಯಾಕ್ಕೆ ಹೋದ ಪ್ರತಿ ಕನ್ನಡಿಗರೂ ಒಂದು ಗುರುವಾರ ಮಧ್ಯಾಹ್ನ 12ಕ್ಕೆ ಕ್ಯಾಥೆಡ್ರಲ್‌ನ ಅಪೊಸ್ತಲರ ಬಾಗಿಲಿಗೆ ಹೋಗಲೇಬೇಕು. ಅಲ್ಲಿ ನೀರಿನ ಪಂಚಾಯ್ತಿ ಕೂರುತ್ತೆ. ತುರಿಯಾ ನದಿಯ ಎಂಟು ಕಾಲುವೆಗಳಿಂದ ರೈತರೇ ಆರಿಸಿದ ಎಂಟು ಜನ, ಕಪ್ಪು ನಿಲುವಂಗಿ. ಒಂದೊಂದೇ ಕಾಲುವೆ ಹೆಸರು ಕೂಗುತ್ತಾರೆ, ದೂರು ಇದೆಯಾ ಅಂತ ಕೇಳುತ್ತಾರೆ. ಎಲ್ಲಾ ಬಾಯಿಮಾತಿನಲ್ಲೇ ನಡೆಯುತ್ತೆ. ವಕೀಲರಿಲ್ಲ. ತೀರ್ಪೇ ಅಂತಿಮ. 2009ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ನಾನು ಹೋದ ದಿನ ಯಾವ ದೂರೂ ಇರಲಿಲ್ಲ, ಎರಡೇ ನಿಮಿಷಕ್ಕೆ ಮುಗಿಯಿತು. ಆದರೂ ಮೈ ಜುಮ್ ಅಂತು. ನಾನು ಕಾಲುವೆಯ ಕೊನೆ ಭಾಗದ ಗದ್ದೆಯವನು. ಮೇಲಿನವರು ತೂಬು ಮುಚ್ಚಿಕೊಂಡರೆ ಏನಾಗುತ್ತೆ ಅಂತ ನನಗೆ ಗೊತ್ತು.

ಉಸಿರು_ಹಸಿರು

ಇದು ಗೊತ್ತೇ ಇರಲಿಲ್ಲ. ಮೂರು ಸಲ ಆ ಬಾಗಿಲ ಮುಂದೆ ನಡೆದು ಹೋಗಿದ್ದೀನಿ!

ಜರಿಯಂಚು

ಈ ಚರ್ಚೆಯಲ್ಲಿ ಬಟ್ಟೆ ಬಗ್ಗೆ ಯಾರೂ ಹೇಳಿಲ್ಲ. ನಮ್ಮ ಮನೆಯಲ್ಲಿ ಎರಡು ತಲೆಮಾರು ಮಗ್ಗ ಇತ್ತು, ಹಾಗಾಗಿ ನನ್ನ ಕಣ್ಣು ಅಲ್ಲಿಗೇ ಹೋಗುತ್ತೆ. ಹೂವಿನ ಅರ್ಪಣೆ ದಿನ ಹೆಂಗಸರು ಹಾಕೋ ಲಂಗ ಇದೆಯಲ್ಲ, ಅದರ ರೇಷ್ಮೆಗೆ ಎಸ್ಪೊಲಿನ್ ಅಂತಾರೆ. ಕೈಮಗ್ಗದಲ್ಲಿ ನೇಯ್ದದ್ದಾದರೆ ದಿನಕ್ಕೆ ಕೆಲವೇ ಸೆಂಟಿಮೀಟರ್ ಸಾಗುತ್ತೆ. ಪ್ರತಿ ಹೂವಿಗೂ ಬೇರೆ ಬೇರೆ ಸಣ್ಣ ಲಾಳಿ. ಅಜ್ಜಿಯ ಲಂಗವನ್ನೇ ಮೊಮ್ಮಗಳು ಹಾಕೋದು ಮಾಮೂಲಿ. ಊರೊಳಗೆ ವೆಲ್ಯುತೆರ್ಸ್ ಅಂತ ಬಡಾವಣೆ ಇದೆ, ಮಖಮಲ್ ನೇಯುವವರು ಅಂತ ಅರ್ಥ. ಅಲ್ಲೇ ರೇಷ್ಮೆ ನೇಕಾರರ ಸಂಘದ ಹಳೇ ಕಟ್ಟಡ ಈಗ ಮ್ಯೂಸಿಯಂ. ಮಾರುಕಟ್ಟೆ ಎದುರಿನ ರೇಷ್ಮೆ ವಹಿವಾಟಿನ ಲೋನ್ಯಾ ಕಟ್ಟಡ 1996ರಿಂದ ವಿಶ್ವ ಪರಂಪರೆಯ ತಾಣ. ಸುರುಳಿ ಸುತ್ತಿದ ಕಲ್ಲಿನ ಕಂಬಗಳನ್ನು ನೋಡಿದರೆ ದಾರ ಹುರಿ ಮಾಡಿ ನಿಲ್ಲಿಸಿದ ಹಾಗೆ ಕಾಣಿಸುತ್ತೆ.

@ತುಂಗಾತೀರ ಅಮ್ಮನಿಗೆ ಹೇಳಿ, ಅವತ್ತು ರೇಷ್ಮೆ ಸೀರೆ ಉಟ್ಟುಕೊಂಡೇ ಹೊರಡಲಿ.

ತುಂಗಾತೀರ (ಮಾರ್ಚ್ 4)

ಹೇಳಿದೆ. ಸೂಟ್‌ಕೇಸ್‌ನಿಂದ ಮೈಸೂರು ರೇಷ್ಮೆ ತೆಗೆದು ಇಸ್ತ್ರಿ ಮಾಡಿಸಿಟ್ಟಿದ್ದಾರೆ. ಡಾಕ್ಟರ್ ಹತ್ತಿರವೂ ಹೋಗಿ ಬಂದೆವು. ಸದ್ದಿನ ಹತ್ತಿರ ಬೇಡ, ನಿದ್ದೆ ಮುಖ್ಯ, ಮಾತ್ರೆ ತಪ್ಪಿಸಬೇಡಿ ಅಂದರು. ಹೂವಿನ ದಿನ ಹೋಗಬಹುದಂತೆ.

ಈಗಿನ ಆಲೋಚನೆ ಹೀಗೆ. ಹಗಲು ಇಲ್ಲೇ ಇರೋದು. 15ರಿಂದ 19ರ ರಾತ್ರಿ ಮಲಗೋಕೆ ಮಾತ್ರ ಬೇರೆ ಕಡೆ ಜಾಗ. ಸಗುಂತ್ ಅಥವಾ ಗಾಂದಿಯಾ ಕಡೆ ನೋಡಲಾ?

ಮುಂಗಾರು_ಮೋಡ

ಅಯ್ಯೋ ಬೇಡ, ಆ ಊರುಗಳಲ್ಲೂ ಫಾಯಸ್ ಇದೆ! ಪೂರ್ತಿ ತಪ್ಪಿಸಿಕೊಳ್ಳಬೇಕು ಅಂದರೆ ಕ್ವೆಂಕಾಗೆ ರೈಲಿನಲ್ಲಿ ಒಂದು ಗಂಟೆ. ಇಲ್ಲಾ ಉತ್ತರಕ್ಕೆ ಮೊರೆಯಾ ಬೆಟ್ಟದ ಊರು. ದಿನಾ ಹೋಗಿ ಬರೋಕೆ ಇವೆರಡೂ ಆಗಲ್ಲ.

ಬೆನಿಮಾಕ್ಲೆತ್_ಮನೆ

ನಮ್ಮ ಮನೆಯಲ್ಲಿ ಹಿಂದಿನ ಕೋಣೆ ಒಳ ಅಂಗಳಕ್ಕೆ ತೆರೆಯುತ್ತೆ, ರಸ್ತೆ ಸದ್ದು ಬರಲ್ಲ. ನಮ್ಮ ಗೊಂಬೆ ಎರಡು ಬೀದಿ ಆಚೆ. ಅಮ್ಮ ಮತ್ತು ಮಗು ಬಂದು ಮಲಗಲಿ. ಆ ದಿನಗಳಲ್ಲಿ ಮೆಟ್ರೊ ರಾತ್ರಿಯಿಡೀ ಓಡುತ್ತೆ. ಸಂಕೋಚ ಬೇಡ. ಮೆಸೇಜ್ ಹಾಕಿದ್ದೀನಿ ನೋಡಿ.

ಧಾರವಾಡ_ಪೇಡೆ

ಇದಪ್ಪಾ ಮಾತು ಅಂದ್ರೆ.

ಹಳೇ_ವಿದ್ಯಾರ್ಥಿ

ನಾನು 2020ರಲ್ಲಿ ಅಲ್ಲಿದ್ದೆ. ಅದರ ಬಗ್ಗೆ ಬರೆಯಬೇಕು ಅನ್ನಿಸಿತು.

ಮಾರ್ಚ್ 10ರ ಸಂಜೆ ಹಬ್ಬ ಮುಂದಕ್ಕೆ ಹಾಕಿದ್ದೇವೆ ಅಂತ ಘೋಷಣೆ ಬಂತು. ಕೊರೊನಾ. ಪುರಸಭೆ ಚೌಕದ ದೊಡ್ಡ ಗೊಂಬೆಯ ಕೆಲಸ ಆಗಲೇ ನಡೆದಿತ್ತು, ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತ ಹೆಂಗಸು. ಅದಕ್ಕೆ ಕೊಟ್ಟ ಹೆಸರು "ಇದೂ ಕಳೆದು ಹೋಗುತ್ತದೆ". ರೋಗ ಬರೋದಕ್ಕೆ ಮುಂಚೆಯೇ ಇಟ್ಟ ಹೆಸರು ಅದು! ಆಮೇಲೆ ಅವಳ ಮುಖಕ್ಕೆ ಮಾಸ್ಕ್ ಹಾಕಿದರು. 19ನೇ ತಾರೀಕು ನಾನು ಕಿಟಕಿಯಲ್ಲಿ ನಿಂತಿದ್ದೆ. ಒಂದು ಪಟಾಕಿ ಇಲ್ಲ. ಎದುರು ಮನೆಯ ತಾತ ಬಾಲ್ಕನಿಗೆ ಬಂದು, ಬಿಳಿ ಅಂಗಿ, ಕೊರಳಿಗೆ ಹಬ್ಬದ ಚೌಕ ಕರವಸ್ತ್ರ ಕಟ್ಟಿಕೊಂಡು ಸುಮ್ಮನೆ ನಿಂತರು. ಹತ್ತು ನಿಮಿಷ ನಿಂತು ಒಳಗೆ ಹೋದರು.

2021ರಲ್ಲಿ ಮಾರ್ಚ್‌ನಲ್ಲೂ ಆಗಲಿಲ್ಲ, ಸೆಪ್ಟೆಂಬರ್ ಮೊದಲ ವಾರ ಮಾಡಿದರು. ಬಿಸಿಲಿಗೆ ಆ ಉಡುಪಿನಲ್ಲಿ ಎಲ್ಲರೂ ಬೆವರಿ ಒದ್ದೆ. ಆದರೂ ಆ ತಾತ ಮೆರವಣಿಗೆಯಲ್ಲಿ ನಡೆದರು. ಅದಕ್ಕೆ ಮುಂಚೆ ಸದ್ದಿನ ಬಗ್ಗೆ ನಾನೂ ದೂರುತ್ತಿದ್ದೆ. ಆ ಮೌನ ಕೇಳಿದ ಮೇಲೆ ನನ್ನ ಕೈಲಿ ಆಗಲಿಲ್ಲ.

ಕಡಲತಡಿ

2024ರ ಅಕ್ಟೋಬರ್ 29ರ ಪ್ರವಾಹದ ಆಮೇಲಿನ ಹಬ್ಬವೂ ಹಾಗೇ. 220ಕ್ಕೂ ಹೆಚ್ಚು ಜನ ಹೋದರು. ದಕ್ಷಿಣದ ಪೈಪೋರ್ತಾ, ಕತಾರೋಜಾ ಕಡೆಯ ಕಸಾಲ್‌ಗಳಲ್ಲಿ ಎದೆಮಟ್ಟ ಕೆಸರು. ನಗರದ ಕಸಾಲ್‌ಗಳು ನೀರು, ಹಾಲು, ಡೈಪರ್, ಪೊರಕೆ ಗುಡ್ಡೆ ಹಾಕುವ ಜಾಗವಾದವು. ಅಂಥ ಹೊತ್ತಿನಲ್ಲಿ ನಾನೂರು ಅಡುಗೆಮನೆ, ಒಬ್ಬರಿಗೊಬ್ಬರು ಪರಿಚಯ ಇರುವ ಜನ ಇದ್ದದ್ದು ಎಷ್ಟು ಉಪಯೋಗಕ್ಕೆ ಬಂತು ಅಂತ ನಾನು ಕಣ್ಣಾರೆ ನೋಡಿದ್ದೀನಿ. ಹೊಗೆ, ಸದ್ದು ಎಲ್ಲಾ ನಿಜ @ಉಸಿರು_ಹಸಿರು ಅವರೇ. ಇದೂ ನಿಜ.

ಉಸಿರು_ಹಸಿರು

ಅದನ್ನ ನಾನು ಅಲ್ಲಗಳೆಯಲ್ಲ. ನಾನೂ ಆಗ ಸಲಿಕೆ ಹಿಡಿದು ಸೇತುವೆ ದಾಟಿ ಹೋಗಿದ್ದೆ. ನಮ್ಮ ಕೈಲಿದ್ದ ಕೈಗವಸು ಒಂದು ಕಸಾಲ್‌ನಲ್ಲೇ ಕೊಟ್ಟಿದ್ದು. ನನ್ನ ಬೇಡಿಕೆ ಇಷ್ಟೇ: ಮರದ ಗೊಂಬೆ ಮಾಡಿ, ರಾತ್ರಿ ಡಿಜೆ ನಿಲ್ಲಿಸಿ. ಹಬ್ಬ ನಿಲ್ಲಿಸಿ ಅಂತ ಅಲ್ಲ.

ಬಣ್ಣದ_ಬುಟ್ಟಿ

ಹಾಗಿದ್ದರೆ ನಾವಿಬ್ಬರೂ ಒಂದೇ ಪಕ್ಷ.

ನಗೆಮೊಗ

ತಿನ್ನೋಕೆ ಏನು ಸಿಗುತ್ತೆ? ಸಸ್ಯಾಹಾರಿಗಳಿಗೆ ಕಷ್ಟ ಅಂತ ಕೇಳಿದ್ದೀನಿ.

ಕಡಲತಡಿ

ಪಾಯೆಯಾ ಅನ್ನ ನಿಮಗೆ ಆಗಲ್ಲ, ಅಸಲಿ ವಾಲೆನ್ಸಿಯಾದ್ದರಲ್ಲಿ ಕೋಳಿ, ಮೊಲ ಇರುತ್ತೆ. ಆದರೆ ಬುನ್ಯೂಯೆಲೋ ಇದೆ. ಸಿಹಿಗುಂಬಳ ಬೇಯಿಸಿ ಮಸೆದು, ಮೈದಾ, ಯೀಸ್ಟ್ ಹಾಕಿ ಹುದುಗು ಬರಿಸಿ, ಹೆಬ್ಬೆರಳಲ್ಲಿ ತೂತು ಮಾಡಿ ಎಣ್ಣೆಗೆ ಬಿಡೋದು. ನಮ್ಮ ಮುಳ್ಕದ ಹತ್ತಿರದ ಸಂಬಂಧಿ. ಮೇಲೆ ಸಕ್ಕರೆ, ಜೊತೆಗೆ ಗಟ್ಟಿ ಚಾಕೊಲೇಟ್. ಕೆಲವರು ಮೊಟ್ಟೆ ಹಾಕ್ತಾರೆ, ಕೇಳಿ ತಗೊಳ್ಳಿ. ಕುಡಿಯೋಕೆ ಓರ್ಚಾತಾ. ಅದರ ಗಡ್ಡೆ ನಮ್ಮ ಗದ್ದೆಯ ಕೊನ್ನಾರಿ ಕುಲದ್ದೇ, ಪಕ್ಕದ ಅಲ್ಬೊರಾಯಾದಲ್ಲಿ ಬೆಳೀತಾರೆ. ರುಬ್ಬಿ ಹಿಂಡಿದ ಹಾಲು. ಹಸುವಿನ ಹಾಲು ಇಲ್ಲವೇ ಇಲ್ಲ.

ತುಂಗಾತೀರ (ಮಾರ್ಚ್ 18)

ನಿನ್ನೆ ಹೂವಿನ ಅರ್ಪಣೆಗೆ ಹೋಗಿದ್ದೆವು. ಬರೆಯದೆ ಇರೋಕೆ ಆಗ್ತಿಲ್ಲ.

ಹಣ್ಣಿನ ಅಂಗಡಿಯಾಕೆಯ ಕಸಾಲ್ ಜೊತೆ ಬೀದಿ ಬದಿಯಲ್ಲಿ ಸ್ವಲ್ಪ ದೂರ ನಡೆದೆವು. ಹಿಂದೆ ಬ್ಯಾಂಡ್. ಎಲ್ಲರ ಕೈಯಲ್ಲೂ ಕಾರ್ನೇಷನ್ ಹೂಗುಚ್ಛ. ಕ್ಯಾಥೆಡ್ರಲ್ ಹಿಂದಿನ ಚೌಕದಲ್ಲಿ ದೇವಿಯ ದೊಡ್ಡ ಮರದ ಚೌಕಟ್ಟು. ಹುಡುಗರು ಅದರ ಮೇಲೆ ಹತ್ತಿ ನಿಂತಿದ್ದರು. ಕೆಳಗಿನಿಂದ ಗುಚ್ಛ ಎಸೆಯುತ್ತಾರೆ, ಅವರು ಹಿಡಿದು ಸಿಕ್ಕಿಸುತ್ತಾರೆ, ದೇವಿಯ ಮೇಲುಹೊದಿಕೆ ಹೂವಿನಲ್ಲೇ ಬೆಳೆಯುತ್ತಾ ಹೋಗುತ್ತೆ. ದಿಕ್ಕಿಲ್ಲದವರ ತಾಯಿ ಅಂತ ಅವಳ ಹೆಸರು. ಸ್ವಲ್ಪ ಮುಂದಕ್ಕೆ ಬಾಗಿರುವುದಕ್ಕೆ ಇಲ್ಲಿಯವರು ಪ್ರೀತಿಯಿಂದ ಗೂನುಬೆನ್ನಿನವಳು ಅಂತಲೂ ಕರೀತಾರೆ. ಚೌಕದ ಹತ್ತಿರ ಬಂದ ಕೂಡಲೇ ಹುಡುಗಿಯರು, ಹೆಂಗಸರು ಗೊಳೋ ಅಂತ ಅಳುತ್ತಿದ್ದರು. ಅಮ್ಮನಿಗೆ ಒಂದು ಪದ ಸ್ಪ್ಯಾನಿಷ್ ಬರಲ್ಲ. ಪಕ್ಕದವಳ ಕೈ ಹಿಡಿದುಕೊಂಡು ಅವರೂ ಅತ್ತರು.

ಏಳೂವರೆಗೆಲ್ಲ ಬೆನಿಮಾಕ್ಲೆತ್ ಬಡಾವಣೆಯ ಆ ಮನೆಗೆ ವಾಪಸ್. ಮಗಳು ಒಂದೇ ಸಲಕ್ಕೆ ಮಲಗಿದಳು. ಆ ಕೋಣೆ ಕೊಟ್ಟವರಿಗೆ ಎಷ್ಟು ಹೇಳಿದರೂ ಸಾಲದು.

ಜರಿಯಂಚು

ಅಮ್ಮನಿಗೆ ಹೂವು ಇಷ್ಟ ಅಂದರೆ ಮುಂದಿನ ಸಲ ಜುಲೈನಲ್ಲಿ ಕರೆಸಿ. ಕೊನೆಯ ಭಾನುವಾರ ಹೂವಿನ ಯುದ್ಧ ಇರುತ್ತೆ, 1891ರಿಂದ ನಡೆದಿದೆ. ಅಲಂಕಾರದ ಗಾಡಿಗಳ ಮೇಲಿನವರು, ಪಕ್ಕದಲ್ಲಿ ನೋಡೋಕೆ ಕೂತವರು ಒಬ್ಬರ ಮೇಲೊಬ್ಬರು ಎರಚೋದು ನಮ್ಮ ಚೆಂಡು ಹೂವು! ಗಾಡಿ ಮೇಲಿನವರು ಟೆನಿಸ್ ಬ್ಯಾಟ್ ಹಿಡಿದು ತಡೀತಾರೆ.

ತುಂಗಾತೀರ (ಮಾರ್ಚ್ 20)

ಅಮ್ಮನಿಗೆ ಹೇಳಿದೆ. ಚೆಂಡು ಹೂವು ಅಂದಿದ್ದಕ್ಕೆ ಕಣ್ಣರಳಿಸಿದರು.

ನಿನ್ನೆ 8ಕ್ಕೆ ಮಕ್ಕಳ ಗೊಂಬೆ ಸುಡೋದಷ್ಟೇ ನೋಡಿದೆವು, ದೂರದಿಂದ. ಅಗ್ನಿಶಾಮಕದವರು ಪಕ್ಕದ ಗೋಡೆಗೆ ನೀರು ಹೊಡೆಯುತ್ತಲೇ ಇದ್ದರು. ಕೇರಿಯ ಒಬ್ಬಳು ಪುಟ್ಟ ಹುಡುಗಿ, ಈ ವರ್ಷದ ಮಕ್ಕಳ ರಾಣಿ ಅವಳು, ಬತ್ತಿಗೆ ಬೆಂಕಿ ಮುಟ್ಟಿಸಿ ಅಪ್ಪನ ಸೊಂಟ ತಬ್ಬಿಕೊಂಡು ಬಿಕ್ಕುತ್ತಿದ್ದಳು. ಇವತ್ತು ಬೆಳಿಗ್ಗೆ ಮನೆಗೆ ಬಂದರೆ ಬೀದಿ ಗುಡಿಸಿ ತೊಳೆದಾಗಿದೆ. ಗೊಂಬೆ ಇದ್ದ ಜಾಗದಲ್ಲಿ ಟಾರು ಕಪ್ಪಗಾಗಿದೆ, ಅಷ್ಟೇ.

ಹಣ್ಣಿನ ಅಂಗಡಿಯಾಕೆ ಅಮ್ಮನಿಗೆ ಒಂದು ಸಿಹಿಗುಂಬಳ ಕೊಟ್ಟು ಕಳಿಸಿದ್ದಾರೆ. @ಕಡಲತಡಿ, ಅರ್ಧ ಕಿಲೋ ಮೈದಾಕ್ಕೆ ಯೀಸ್ಟ್ ಎಷ್ಟು ಹಾಕಬೇಕು? ಅಮ್ಮ ಒಲೆ ಮುಂದೆ ನಿಂತು ಕಾಯ್ತಾ ಇದ್ದಾರೆ.

ಕಡಲತಡಿ

ತಾಜಾ ಯೀಸ್ಟ್ ಆದರೆ 25 ಗ್ರಾಂ. ಕುಂಬಳ ಬೇಯಿಸಿದ ನೀರು ಚೆಲ್ಲಬೇಡಿ, ಅದರಲ್ಲೇ ಕಲಸಿ, ಉಗುರು ಬೆಚ್ಚಗಿರಲಿ. ಎರಡರಷ್ಟು ಉಬ್ಬೋವರೆಗೆ ಬಟ್ಟೆ ಮುಚ್ಚಿಡಿ.